ದೂರ ನಿಂತೀ ಏನ?

ನನ್ನ ಗಂಡನ ಧ್ವನಿ ಹೇಗಿತ್ತು ಎಂಬುದು ನನಗೆ ಮರೆತುಹೋಗಿತ್ತು. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಮುಖ ನೆನಪಿತ್ತು, ನಡಿಗೆ ನೆನಪಿತ್ತು, ಊಟಕ್ಕೆ ಕುಳಿತಾಗ ರೊಟ್ಟಿಯನ್ನೆಲ್ಲ ಮೊದಲು ಮುರಿದಿಟ್ಟುಕೊಂಡು ಆಮೇಲೆ ಪಲ್ಯಕ್ಕೆ ಕೈಹಾಕುವ ರೀತಿಯೂ ನೆನಪಿತ್ತು. ಧ್ವನಿ ಮಾತ್ರ ಇಲ್ಲ. ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು? ಕೇಳಿದವರು ನಗಬೇಕು, ಇಲ್ಲವೇ ನನ್ನ ತಲೆ ಸವರಿ ಅಳಬೇಕು. ನನಗೆ ಎರಡೂ ಬೇಕಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದೆ.

ಇಚಲಕರಂಜಿಯಲ್ಲಿ ಮಗ್ಗದ ಮೇಲೆ ಬದುಕಿದವರಿಗೆ ಇದು ಅರ್ಥವಾದೀತು. ನಮ್ಮದು ಮೇಲೆ ಮನೆ, ಕೆಳಗೆ ಪವರ್‌ಲೂಮ್ ಶೆಡ್. ಮಗ್ಗಗಳು ಓಡುವಾಗ ಗಂಟಲು ಹರಿದುಕೊಂಡು ಕೂಗಿದರೂ ಪಕ್ಕದಲ್ಲಿ ನಿಂತವರಿಗೆ ಕೇಳುವುದಿಲ್ಲ. ಹಾಗಾಗಿ ಶೆಡ್ಡಿನಲ್ಲಿ ಯಾರೂ ಕೂಗುವುದಿಲ್ಲ. ಧ್ವನಿಯೇ ಇಲ್ಲದೆ ತುಟಿ ಆಡಿಸುತ್ತಾರೆ, ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ನಾನು ಗಡಹಿಂಗ್ಲಜದ ಕಡೆಯವಳು. ನಮ್ಮ ತವರಿನವರು ಈ ಹೊಲದಲ್ಲಿ ನಿಂತು ಆ ಹೊಲದವರ ಜೊತೆ ಕೂಗಿ ಹರಟೆ ಹೊಡೆಯುವ ಜನ. ಮದುವೆಯಾಗಿ ಬಂದ ಹೊಸದರಲ್ಲಿ ಗಂಡ ನನ್ನ ಮುಂದೆ ಬರೀ ತುಟಿ ಆಡಿಸುವುದನ್ನು ಕಂಡು, ಅಪ್ಪ ನನ್ನನ್ನು ಮೂಕನಿಗೆ ಕೊಟ್ಟುಬಿಟ್ಟನೇ ಎಂದು ಹೆದರಿದ್ದೆ. ಆಮೇಲೆ ನಾನೂ ಕಲಿತೆ. ಎಷ್ಟು ಕಲಿತೆನೆಂದರೆ, ನೆಂಟರ ಮದುವೆಗೆ ಹೋದಾಗ ಬೀಗರ ಎದುರಿಗೇ ನಿಂತು ಅಡುಗೆಯ ಬಗ್ಗೆ ನಾವಿಬ್ಬರೂ ಏನು ಬೇಕಾದರೂ ಆಡಿಕೊಳ್ಳುತ್ತಿದ್ದೆವು. ಯಾರಿಗೂ ತಿಳಿಯುತ್ತಿರಲಿಲ್ಲ. ಅವರ ತುಟಿ ಅಷ್ಟೊಂದು ಮಾತಾಡಿದ್ದಕ್ಕೆ ಕಿವಿಗೆ ಏನೂ ಉಳಿಯಲಿಲ್ಲ.

ಅವರ ಧ್ವನಿ ನನಗೆ ಪೂರ್ತಿಯಾಗಿ ಕೇಳುತ್ತಿದ್ದುದು ಕರೆಂಟು ಹೋದಾಗ. ಮಗ್ಗಗಳೆಲ್ಲ ಒಮ್ಮೆಲೇ ನಿಲ್ಲುತ್ತಿದ್ದವು. ಕತ್ತಲೆಯಲ್ಲಿ ತುಟಿ ಕಾಣುತ್ತಿರಲಿಲ್ಲ. ಹರಿದ ಎಳೆ ಕಟ್ಟಲು ಯಾರಾದರೂ ಮಗ್ಗದೊಳಗೆ ಕೈಯಿಟ್ಟಿದ್ದರೆ, ಕರೆಂಟು ಬಂದ ಕೂಡಲೇ ಮಗ್ಗ ತಾನಾಗಿ ಓಡಿ ಕೈ ಹೋಗುತ್ತದೆ. ಪಕ್ಕದ ಶೆಡ್ಡಿನಲ್ಲಿ ಕೊರೋಚಿಯಿಂದ ಬರುತ್ತಿದ್ದ ಒಬ್ಬ ಕೆಲಸಗಾರನ ಬೆರಳುಗಳು ಹಾಗೆಯೇ ಹೋಗಿದ್ದವು. ಅದಕ್ಕೇ ಇವರು ಮೊದಲು ಮೇನ್ ಸ್ವಿಚ್ ಇಳಿಸುತ್ತಿದ್ದರು. ಓಣಿಯಲ್ಲಿ ದೀಪ ಬಂದ ಮೇಲೆ ಒಬ್ಬೊಬ್ಬರನ್ನೇ ಕೇಳುತ್ತಿದ್ದರು: "ದೂರ ನಿಂತೀ ಏನ?" ಎಲ್ಲರೂ "ನಿಂತೇನಿ" ಎನ್ನುವತನಕ ಸ್ವಿಚ್ ಎತ್ತುತ್ತಿರಲಿಲ್ಲ. ಮೂಲೆಯಲ್ಲಿ ಕೂತು ಲಾಳಿಗೆ ಹಾಕುವ ನೂಲು ಸುತ್ತುತ್ತಿದ್ದ ನನ್ನನ್ನು ಕೊನೆಗೆ ಕೇಳುತ್ತಿದ್ದರು. ನನ್ನ ಕೈ ಮಗ್ಗದ ಹತ್ತಿರ ಹೋಗುವ ಪ್ರಶ್ನೆಯೇ ಇರಲಿಲ್ಲ, ಆದರೂ ಕೇಳುತ್ತಿದ್ದರು. ನಾನು "ನಿಂತೇನಿ" ಎನ್ನುತ್ತಿದ್ದೆ. ಕೂತುಕೊಂಡೇ.

ಹತ್ತಿಯ ಧೂಳು ಎದೆಯಲ್ಲಿ ಕೂತು ಕೂತು ಅವರನ್ನು ತೆಗೆದುಕೊಂಡು ಹೋಯಿತು. ಮಗ ಕಾಗಲದ ಕಾರ್ಖಾನೆಯಲ್ಲಿ ಕೆಲಸ ಹಿಡಿದ. ಮಗ್ಗಗಳನ್ನು ಗುಜರಿಗೆ ಹಾಕಿದೆವು, ಶೆಡ್ ಖಾಲಿಯಾಯಿತು. ಮೊಬೈಲಿನಲ್ಲಿ ಅವರ ಫೋಟೋಗಳು ಬೇಕಾದಷ್ಟಿದ್ದವು, ವಿಡಿಯೋ ಒಂದೇ ಇತ್ತು. ಮಗ ಶೆಡ್ಡಿನಲ್ಲಿ ತೆಗೆದದ್ದು. ಅವರು ಅದರಲ್ಲಿ ಏನೋ ಹೇಳುತ್ತಾರೆ, ಕೇಳಿಸುವುದು ಮಗ್ಗಗಳ ಸದ್ದು. "ಅದನ್ನ ಕಿಸೇದಾಗ ಇಡು, ಆ ಕಡಿ ಎಳಿ ಹರದೈತಿ ನೋಡು" ಎಂದು ಹೇಳುತ್ತಿದ್ದಾರೆ, ತುಟಿಯಿಂದ ಗೊತ್ತಾಗುತ್ತದೆ. ಅದನ್ನು ನೋಡಿ ನೋಡಿ ನನಗೆ ಅಳುವುದಕ್ಕಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು. ಒಂದು ಸಲವಾದರೂ ಬಾಯಿ ಬಿಟ್ಟು ಮಾತಾಡಬಾರದಿತ್ತೇ.

ಈ ನಡುವೆ ನನ್ನ ಕಿವಿಯಲ್ಲಿ ಮಗ್ಗ ಓಡತೊಡಗಿತು. ನಮ್ಮ ಮಗ್ಗಗಳು ಹೋದರೂ ಓಣಿಯ ಉಳಿದವರ ಮಗ್ಗಗಳು ಹಗಲು ರಾತ್ರಿ ಓಡುತ್ತಲೇ ಇರುತ್ತವೆ. ಹಾಗಾಗಿ ಹೊರಗಿನದು ಯಾವುದು, ಕಿವಿಯೊಳಗಿನದು ಯಾವುದು ಎಂದು ತಿಳಿಯುತ್ತಿರಲಿಲ್ಲ. ಮಗ ಕೊಲ್ಹಾಪುರದ ಕಿವಿಯ ಡಾಕ್ಟರಿಗೆ ತೋರಿಸಿದ. ಡಾಕ್ಟರು ಮರಾಠಿಯಲ್ಲಿ, "ಮಾವಶೀ, ಏಕ ರಾತ್ರ ಶಾಂತ ಠಿಕಾಣೀ ರಾಹೂನ ಯಾ" ಎಂದರು. ಶಾಂತವಾದ ಜಾಗದಲ್ಲಿ ಒಂದು ರಾತ್ರಿ ಇದ್ದು ಬಂದು, ಸದ್ದು ನಿಂತಿತೋ ಇಲ್ಲವೋ ಹೇಳಬೇಕಂತೆ. ಅವರಿಗೆ ಕಿವಿಯ ಚಿಂತೆ. ನನಗೆ ಬೇರೆ ಆಸೆ ಹುಟ್ಟಿತು. ಕತ್ತಲೆ ಮತ್ತು ನಿಶ್ಶಬ್ದ ಎರಡೂ ಒಟ್ಟಿಗೆ ಇರುವ ಕಡೆ ಕೂತರೆ ಅವರ ಧ್ವನಿ ನೆನಪಾದೀತು. ನಮ್ಮ ಓಣಿಯಲ್ಲಿ ಈಗ ಕರೆಂಟು ಹೋಗುವುದೇ ಕಡಿಮೆ. ಹೋದರೂ ಮಂದಿಯೆಲ್ಲ ಮೊಬೈಲ್ ಹಿಡಿದು ಹೊರಗೆ ಬಂದು ಸಂತೆ ನೆರೆಸುತ್ತಾರೆ.

ನನ್ನ ತಂಗಿಯನ್ನು ಕೊಟ್ಟಿರುವುದು ಗಡಹಿಂಗ್ಲಜ ದಾಟಿ, ಹಲಕರ್ಣಿಯ ಕಡೆ ಒಂದು ಹಳ್ಳಿಗೆ. ಅವರ ಕಬ್ಬಿನ ಹೊಲದ ತುದಿಗೆ ದೊಡ್ಡ ಕೆರೆಯಿದೆ. ಕೆರೆಯ ದಂಡೆಗೆ ಒಂದು ಖೋಲಿ ಕಟ್ಟಿಸಿದ್ದಾರೆ, ಗೊಬ್ಬರದ ಚೀಲ ಇಡಲು. ಅಲ್ಲಿ ಒಂದು ರಾತ್ರಿ ಒಬ್ಬಳೇ ಮಲಗುತ್ತೇನೆ ಎಂದು ತಂಗಿಗೆ ಫೋನಿನಲ್ಲಿ ಹೇಳಿದೆ.

"ಅಕ್ಕಾ, ಮನ್ಯಾಗ ಯಾರರೇ ಏನರೇ ಅಂದ್ರೇನ?" ಎಂದಳು.

"ಯಾರೂ ಏನೂ ಅಂದಿಲ್ಲ. ಡಾಕ್ಟರ್ ಹೇಳ್ಯಾನ."

"ಡಾಕ್ಟರ್ ಕೆರೀ ದಂಡೀಗೆ ಮಲಕೋ ಅಂತ ಹೇಳ್ಯಾನ? ಎಂಥಾ ಡಾಕ್ಟರ್ ಅಂವಾ?"

ನನ್ನ ಹಟ ಅವಳಿಗೆ ಗೊತ್ತು. ನಾನು ಬಸ್ಸಿನಿಂದ ಇಳಿಯುವಷ್ಟರಲ್ಲಿ ಖೋಲಿ ಗುಡಿಸಿ, ಚೀಲಗಳನ್ನು ಒಂದು ಮಗ್ಗುಲಿಗೆ ಸರಿಸಿ, ಮಂಚ ಹಾಕಿಸಿದ್ದಳು. ಸಂಜೆ ರೊಟ್ಟಿ, ಝುಣಕ, ಶೇಂಗಾ ಚಟ್ನಿ ಕಟ್ಟಿಕೊಂಡು ಅವಳೂ ಅವಳ ಗಂಡನೂ ನನ್ನನ್ನು ಅಲ್ಲಿಗೆ ಬಿಡಲು ಬಂದರು. ಹೋಗುವಾಗ ತಂಗಿಯ ಗಂಡ ಹೇಳಿದ:

"ಅಕ್ಕಾರ, ನಮ್ಮ ಮೋಟರ್ ಈ ವಾರ ಬಂದ್ ಐತ್ರಿ. ಆಚೀ ದಂಡೀ ಮಂದೀದು ರಾತ್ರಿ ಚಾಲೂ ಇರ್ತೈತಿ. ಗುಂಯ್ ಅಂತೈತಿ, ಅಂಜಬ್ಯಾಡ್ರಿ. ಏನರೇ ಆದ್ರ ಫೋನ್ ಹಚ್ಚರಿ."

ಹೊಲಗಳಿಗೆ ಆ ವಾರ ರಾತ್ರಿ ಪಾಳಿಯಲ್ಲಿ ಕರೆಂಟು ಕೊಡುತ್ತಿದ್ದರು. ಆಚೆ ದಂಡೆಯಲ್ಲಿ ಸಾಲಾಗಿ ಪಂಪ್‌ಸೆಟ್ಟಿನ ಖೋಲಿಗಳಿದ್ದವು. ಒಂದೊಂದರ ಮೇಲೂ ಒಂದು ಬಲ್ಬು. ಅವರಿಬ್ಬರೂ ಕಬ್ಬಿನ ನಡುವಿನ ದಾರಿಯಲ್ಲಿ ಮರೆಯಾದರು. ನಾನು ಖೋಲಿಯ ಕಟ್ಟೆಯ ಮೇಲೆ ಕೂತೆ. ನೀರಿನ ಬಣ್ಣ ಹೋಗುತ್ತಾ ಬಂತು. ಒಂದು ಟಿಟವಿ ಹಕ್ಕಿ ನೀರಿನ ಅಂಚಿಗೆ ಓಡಾಡಿ ಸುಮ್ಮನಾಯಿತು.

ಮೊದಲಿಗೆ ಹಿತವಾಗಿಯೇ ಇತ್ತು. ಯಾರಿಗೂ ಚಹಾ ಮಾಡಿಕೊಡುವುದಿಲ್ಲ, ಯಾರ ಮಾತಿಗೂ ಹೂಂಗುಡುವುದಿಲ್ಲ. ಕಾಲು ಚಾಚಿಕೊಂಡು ಊಟ ಮಾಡಿದೆ. ಆಮೇಲೆ ಕಿವಿಗೊಟ್ಟು ಕೂತೆ. ಕಿವಿಯೊಳಗೆ ಮಗ್ಗ ಓಡುತ್ತಲೇ ಇತ್ತು. ಎಷ್ಟು ಹೊತ್ತು ಕೂತರೂ ಓಡುತ್ತಿತ್ತು. ಒಂದು ಹೊತ್ತಿನಲ್ಲಿ ಅದು ಕಿವಿಯೊಳಗಿಂದ ಬರುತ್ತಿಲ್ಲ, ನೀರಿನ ಕಡೆಯಿಂದ ಬರುತ್ತಿದೆ ಅನ್ನಿಸಿತು. ಹೆದರಿಕೆ ಎಂದರೆ ನನಗೆ ಮೊದಲಿನಿಂದಲೂ ಸಿಟ್ಟು. ಎದ್ದು ನೀರಿನ ಹತ್ತಿರ ಹೋದೆ. ಸದ್ದು ಹೆಚ್ಚಾಯಿತು. ಬಗ್ಗಿ ಕೈ ಅದ್ದಿದೆ. ನೀರು ಸಣ್ಣಗೆ ನಡುಗುತ್ತಿತ್ತು. ಕೆಳಗೆ ಮಗ್ಗಗಳು ಓಡುವಾಗ ನಮ್ಮ ಮನೆಯ ನೆಲ ಹೀಗೆಯೇ ನಡುಗುತ್ತಿತ್ತು. ಊಟಕ್ಕೆ ಕೂತಾಗ ತಾಟಿನ ಸಾರಿನಲ್ಲಿ ಕಾಣುತ್ತಿದ್ದ ನಡುಕ ಅದು. ಆಚೆಯ ಪಂಪುಗಳಿಂದ ಇರಬೇಕು ಎಂದು ಬಾಯಿಬಿಟ್ಟು ಹೇಳಿಕೊಂಡೆ. ನನ್ನ ಧ್ವನಿ ನನಗೇ ಬೇರೆಯವರದ್ದು ಅನ್ನಿಸಿತು. ಕೈ ಒರೆಸಿಕೊಂಡು ಬಂದು ಕಟ್ಟೆಯ ಮೇಲೆ ಕೂತೆ. ಬೆನ್ನು ಗೋಡೆಗೆ ಒತ್ತಿ ಕೂತೆ.

ಜೊಂಪು ಹತ್ತಿತ್ತೋ ಏನೋ. ಕಣ್ಣು ಬಿಟ್ಟಾಗ ಆಚೆ ದಂಡೆಯ ಬಲ್ಬುಗಳೆಲ್ಲ ಒಮ್ಮೆಲೇ ಆರಿದವು. ಕರೆಂಟು ಹೋಗಿತ್ತು. ಅದರ ಜೊತೆಗೇ ಸದ್ದೂ ನಿಂತಿತು. ಪಂಪುಗಳದೂ ನಿಂತಿತು, ನನ್ನ ಕಿವಿಯೊಳಗಿನದೂ ನಿಂತಿತು. ಅಂಥ ನಿಶ್ಶಬ್ದ ನಾನು ಮದುವೆಯಾದಂದಿನಿಂದ ಕೇಳಿರಲಿಲ್ಲ. ನನ್ನ ಉಸಿರು ನನಗೆ ಅಡ್ಡಿಯಾಯಿತು, ಅದನ್ನೂ ಹಿಡಿದೆ. ನೀರು ಎಲ್ಲಿ ಮುಗಿದು ದಂಡೆ ಎಲ್ಲಿ ಶುರುವಾಗುತ್ತದೆ ಎಂಬುದು ಕಾಣುತ್ತಿರಲಿಲ್ಲ. ಕೆಸರಿನ ವಾಸನೆ ಮಾತ್ರ ಹತ್ತಿರ ಬಂದಂತಿತ್ತು. ಹಾಗೆ ಎಷ್ಟೋ ಹೊತ್ತು ಕೂತಿದ್ದೆ. ನೆನಪಾಗಲಿ, ಈಗಲಾದರೂ ನೆನಪಾಗಲಿ ಎಂದು ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದಿದ್ದೆ.

ಆಚೆ ಒಂದು ಬಲ್ಬು ಮಿಣುಕಿ ಹತ್ತಿತು. ಆಗ ನೀರಿನ ಮೇಲಿಂದ ಗಂಡಸಿನ ಧ್ವನಿ ಬಂತು.

"ದೂರ ನಿಂತೀ ಏನ?"

ಯಾರು, ಎಲ್ಲಿಂದ ಎಂದು ಯೋಚಿಸಲಿಲ್ಲ. ಮೂಲೆಯಲ್ಲಿ ನೂಲು ಸುತ್ತುತ್ತ ಕೂತು ಎಷ್ಟು ವರ್ಷ ಹೇಳಿದ್ದೆನೋ ಅದನ್ನೇ ಬಾಯಿ ಹೇಳಿತು.

"ನಿಂತೇನಿ."

ನನ್ನ ಮಾತು ನೀರಿನ ಮೇಲೆ ಹೋದದ್ದು ನನಗೇ ಕೇಳಿಸಿತು. ಆಚೆಯಿಂದ ಉತ್ತರವಿಲ್ಲ. ನನಗೆ ಹೆದರಿಕೆಯಾಗಲಿಲ್ಲ. ಅವರೇ ಎಂದು ನಂಬಿಬಿಟ್ಟಿದ್ದೆ. ಇದೇ ಧ್ವನಿ, ಇದೇ ಮರೆತಿದ್ದದ್ದು, ಸಿಕ್ಕಿತು ಎಂದು ಕಣ್ಣಲ್ಲಿ ನೀರು ಬಂತು. ಇನ್ನೊಂದು ಸಲ ಕೇಳಿದರೆ ಭದ್ರವಾಗಿ ಹಿಡಿದಿಟ್ಟುಕೊಳ್ಳುತ್ತಿದ್ದೆ.

"ಇನ್ನೊಮ್ಮೆ ಕೇಳ್ರಿ" ಎಂದೆ. ಈ ಸಲ ಮೆಲ್ಲಗೆ, ಅವರಿಗೆ ಮಾತ್ರ ಕೇಳುವಷ್ಟು.

ಆಗ ಆಚೆ ಬದಿಯಲ್ಲಿ, ನೀರಿಗೆ ಹತ್ತಿಕೊಂಡೇ, ಒಂದು ಸಣ್ಣ ಬೆಳಕು ಕಂಡಿತು. ಅದು ನೀರಿನಿಂದ ಮೇಲಕ್ಕೆದ್ದಿತು. ಆಳೆತ್ತರಕ್ಕೆ ಬಂದು ನಿಂತಿತು. ಯಾರೋ ದಡದಡ ಓಡಿ ಬಂದ ಸದ್ದು, ನೀರು ಕಲಕಿದ ಸದ್ದು, ಭಾರವಾದದ್ದೇನೋ ನೀರು ಸೋರಿಸುತ್ತ ದಂಡೆ ಹತ್ತಿದ ಸದ್ದು. ಒಂದೂ ಮಾತಿಲ್ಲ. ಬೆಳಕು ತೂರಾಡುತ್ತ ಮೇಲೆ ಹೋಗಿ ಕಬ್ಬಿನಲ್ಲಿ ಆರಿತು. ಉಳಿದ ಬಲ್ಬುಗಳೂ ಹತ್ತಿದವು, ಪಂಪುಗಳು ಒಂದರ ಹಿಂದೊಂದು ಶುರುವಾದವು. ಮೊದಲು ಬಲ್ಬು ಹತ್ತಿದ ಖೋಲಿಯದು ಮಾತ್ರ ಶುರುವಾಗಲಿಲ್ಲ. ನಾನು ಒಳಗೆ ಹೋಗಿ ಕೊಂಡಿ ಹಾಕಿ, ಗೊಬ್ಬರದ ಚೀಲಕ್ಕೆ ಒರಗಿ, ಬೆಳಗಾಗುವತನಕ ಕೂತೆ. ಆ ಧ್ವನಿಯನ್ನು ಮನಸ್ಸಿನಲ್ಲಿ ತಿರುಗಿ ತಿರುಗಿ ಹೇಳಿಕೊಳ್ಳುತ್ತಿದ್ದೆ, ಮತ್ತೆ ಕಳೆದೀತೆಂದು. ನೀರಿನಿಂದ ಎದ್ದದ್ದು ಏನು ಎಂಬುದನ್ನು ಯೋಚಿಸಲು ಧೈರ್ಯ ಬರಲಿಲ್ಲ.

ಬೆಳಕು ಹರಿದ ಮೇಲೆ ತಂಗಿಯ ಮನೆಗೆ ಹೋದೆ. ಪಡಸಾಲೆಯಲ್ಲಿ ಒಬ್ಬ ಗಂಡಸು ಕೂತಿದ್ದ. ಹಣೆಗೆ ದಪ್ಪವಾಗಿ ವಿಭೂತಿ, ಕೈಯಲ್ಲಿ ಚಹಾದ ಕಪ್ಪು. ಆಚೆ ದಂಡೆಯ ಹೊಲದವನಂತೆ. ತಂಗಿಯೂ ಅವಳ ಗಂಡನೂ ಅವನ ಮಾತು ಕೇಳುತ್ತ ನಿಂತಿದ್ದರು. ಅವನು ನನಗೊಂದು ನಮಸ್ಕಾರ ಹಾಕಿ ಮುಂದುವರಿಸಿದ.

"ಪೈಪಿನ ಬಾಯಿಗೆ ಪಾಚಿ ಹತ್ತಿತ್ತರಿ. ಕರೆಂಟ್ ಹೋತು, ಛಲೋ ಆತು, ಅಷ್ಟರಾಗ ತಗದ ಬಿಡೋಣ ಅಂತ ನಮ್ಮಾಕಿ ನೀರಾಗ ಇಳದ್ಳು. ನಾ ಮ್ಯಾಲ ಸ್ಟಾರ್ಟರ್ ಹತ್ರ ನಿಂತಿದ್ದೆ. ಕರೆಂಟ್ ಬಂತು. ದೂರ ನಿಂತೀ ಏನ ಅಂತ ಕೇಳಿದೆ. ನಿಂತೇನಿ ಅಂತ ಬಂತರಿ ಉತ್ತರ. ಹೆಂಗಸಿನ ದನಿ. ನೀರಿನ ಮ್ಯಾಲಿಂದ."

"ಅಂದ್ರ ನಿಮ್ಮಾಕೀನ ಅಂದಿರಬೇಕು" ಎಂದಳು ತಂಗಿ.

"ಅಕಿ ಬಾಯಾಗ ಬ್ಯಾಟರಿ ಕಚ್ಚಿ ಹಿಡದಿದ್ಳವ್ವಾ. ತಲಿ ಬಗ್ಗಿಸಿ, ಎರಡೂ ಕೈ ಪೈಪಿನಾಗ. ಆ ಮಾತ ಕೇಳಿ ನಾ ಗುಂಡಿ ಒತ್ತಿದ್ನೆಂದ್ರ ಅಕಿ ಕೈ ಒಳಗ ಎಳಕೊಂತಿತ್ತು. ಕೆರ್‍ಯಾಗ ಏನೋ ಐತ್ರಿ. ಅಕೀನ್ನ ತಗೊಳಾಕ ಬಂದಿತ್ತು."

ಬಾಗಿಲಿನ ಚೌಕಟ್ಟು ಹಿಡಿದುಕೊಂಡೆ. ರಾತ್ರಿ ನೀರಿನಿಂದ ಎದ್ದದ್ದು ಬ್ಯಾಟರಿಯ ದೀಪ ಕಚ್ಚಿಕೊಂಡ ಒಬ್ಬ ಹೆಂಗಸು. ಆ ಕೆರೆಯಲ್ಲಿದ್ದ ದೆವ್ವ ನಾನು. ದೂರ ನಿಂತೀ ಏನ ಎಂದು ಕೇಳುವುದು ಕೈ ಉಳಿಸಲಿಕ್ಕೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಕ್ಕೆ ನಾನು, ಕಟ್ಟೆಯ ಮೇಲೆ ಕೂತವಳು, ಇನ್ನೊಬ್ಬಳ ಬದಲು ಉತ್ತರ ಕೊಟ್ಟಿದ್ದೆ.

"ಮತ್ತ ಯಾಕ ಒತ್ತಲಿಲ್ಲ?" ಎಂದು ಕೇಳಿದೆ.

ಅವನು ನನ್ನ ಕಡೆ ನೋಡಿದ. ಇದೇನು ಪ್ರಶ್ನೆ ಎನ್ನುವ ಹಾಗೆ.

"ನಮ್ಮಾಕಿ ದನಿ ಅಲ್ಲಲ್ರಿ ಅದು, ಅಕ್ಕಾರ. ಎಷ್ಟ ವರ್ಷ ಆತ್ರಿ ಕೂಡಿ ಬಾಳೇ ಮಾಡಾಕತ್ತಿ. ನಮ್ಮಾಕೀನ್ನ ಏನರೇ ಕೇಳ್ರಿ, ಮೊದಲ ಬೈತಾಳ, ಆಮ್ಯಾಲ ಉತ್ತರ ಕೊಡ್ತಾಳ. ಅಷ್ಟ ಮೆತ್ತಗ ಅಕಿ ಯಾವಾಗ ಮಾತಾಡ್ಯಾಳ? ಒಂದ ಮಾತಿಗೆ ಗೊತ್ತಾತು."

ಒಂದೇ ಮಾತಿಗೆ ಅವನಿಗೆ ಗೊತ್ತಾಗಿತ್ತು. ನಾನು ಪರಗಂಡಸಿನ ಧ್ವನಿಯನ್ನು ಗಂಡನದೆಂದು ರಾತ್ರಿಯೆಲ್ಲ ಎದೆಗೆ ಒತ್ತಿಕೊಂಡು ಕೂತಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಬಾಯಿ ಮುಚ್ಚಿಕೊಂಡು ಒಳಗೆ ಹೋಗಿಬಿಡಬಹುದಿತ್ತು. ಆದರೆ ಆ ಮನುಷ್ಯ ನಾಳೆಯಿಂದ ಹೆಂಡತಿಯನ್ನು ಕರೆದುಕೊಂಡು ಮಂತ್ರ ಹಾಕುವವರ ಬಾಗಿಲು ತಿರುಗುತ್ತಾನೆ.

"ಅದು ನಾನರಿ" ಎಂದೆ. "ಈಚೀ ದಂಡೀಗೆ ನಾ ಕುಂತಿದ್ದೆ. ನಾನ ನಿಂತೇನಿ ಅಂದಾಕಿ."

ತಂಗಿಯ ಗಂಡ ನಗಲು ಹೋದವನು ನನ್ನ ಮುಖ ನೋಡಿ ಸುಮ್ಮನಾದ. ಆ ಮನುಷ್ಯ ಕಪ್ಪು ಕೆಳಗಿಟ್ಟ.

"ನೀವು? ನಿಮ್ಮನ್ನ ಯಾರ ಕೇಳಿದ್ರರಿ? ಯಾಕ ಅಂದ್ರಿ?"

ಸಿಟ್ಟಾಗಲು ಅವನಿಗೆ ಹಕ್ಕಿತ್ತು. ನಾನು ಮುಚ್ಚಿಡದೆ ಹೇಳಿದೆ. ಶೆಡ್ಡಿನದು, ಕರೆಂಟಿನದು, ಕೊನೆಗೆ ನನ್ನನ್ನು ಕೇಳುತ್ತಿದ್ದುದು, ಧ್ವನಿ ಮರೆತದ್ದು, ಎಲ್ಲವನ್ನೂ. ತಂಗಿಗೂ ಅದು ಹೊಸ ಸುದ್ದಿ. "ನಮ್ಮವರ ಕೇಳಿದ್ರು ಅಂತ ತಿಳಕೊಂಡೆ" ಎಂದು ಮುಗಿಸಿದೆ. ಯಾರೂ ನಗಲಿಲ್ಲ. ಯಾರೂ ನನ್ನ ತಲೆ ಸವರಲಿಲ್ಲ. ಅವನು ನೆಲ ನೋಡುತ್ತ ಕೂತ.

"ಇನ್ನೊಮ್ಮೆ ಕೇಳ್ತೀರೇನ್ರಿ?" ಎಂದೆ.

"ಏನನ್ನರಿ?"

"ರಾತ್ರಿ ಕೇಳಿದ್ದು."

ಅವನು ತಂಗಿಯ ಗಂಡನ ಮುಖ ನೋಡಿದ. ತಂಗಿಯ ಗಂಡ ಹೂಂ ಎಂದು ತಲೆಯಾಡಿಸಿದ. ನಾನು ಕಣ್ಣು ಮುಚ್ಚಿದೆ. ಅವನಿಗೆ ಸಂಕೋಚವಾಗಿರಬೇಕು, ಆದರೂ ಹೊಲದಲ್ಲಿ ನಿಂತವನ ಹಾಗೆ ಗಟ್ಟಿಯಾಗಿಯೇ ಕೇಳಿದ.

"ದೂರ ನಿಂತೀ ಏನ?"

ಅಲ್ಲ. ಕೇಳಿದ ಗಳಿಗೆಗೇ ಅಲ್ಲ ಅನ್ನಿಸಿತು. ಈ ಧ್ವನಿ ತೆಳು, ಸ್ವಚ್ಛ, ಎದೆಯಲ್ಲಿ ಧೂಳಿಲ್ಲದವನದು. ನಮ್ಮವರು ಹೀಗೆ ಒಮ್ಮೆಲೇ ಕೇಳುತ್ತಿರಲಿಲ್ಲ. ಮೊದಲು ಒಂದು ಕೆಮ್ಮು ಬರುತ್ತಿತ್ತು. ಗಂಟಲಿನ ಹತ್ತಿ ಸರಿಸುವ ಸಣ್ಣ ಕೆಮ್ಮು. ಆಮೇಲೆ "ದೂರ" ಎಂಬುದು ಕೆಳಗಿನಿಂದ, ಒರಟಾಗಿ ಏಳುತ್ತಿತ್ತು. "ಏನ" ಎಂಬುದು ಅರ್ಧ ಅವರ ಬಾಯಲ್ಲೇ ಉಳಿಯುತ್ತಿತ್ತು, ಉಸಿರು ಸಾಲದೆ. ನಾನು ಕಣ್ಣು ಮುಚ್ಚಿ ನಿಂತಿದ್ದಂತೆಯೇ ಅದೆಲ್ಲ ಬಂತು.

"ಇದಲ್ಲ" ಎಂದೆ. "ಇದಲ್ಲರಿ, ನಿಮ್ದಲ್ಲ." ಅಳುತ್ತಿದ್ದೆ. ಆ ಮನುಷ್ಯ ತಪ್ಪು ಮಾಡಿದವನ ಹಾಗೆ ಎದ್ದು ನಿಂತ.

ಕೊಲ್ಹಾಪುರದ ಡಾಕ್ಟರಿಗೆ, ಸದ್ದು ಒಂದು ಸಲ ನಿಂತಿತ್ತು, ಮತ್ತೆ ಬಂತು ಎಂದು ಹೇಳಿದೆ. ಅವರು ಹನಿ ಔಷಧ ಬರೆದುಕೊಟ್ಟರು. ಆ ಹಳ್ಳಿಯಲ್ಲಿ ಕೆರೆಯ ಹೆಂಗಸಿನ ಕತೆ ಇನ್ನೂ ನಡೆದಿದೆಯಂತೆ. ತಂಗಿ ಎಷ್ಟು ಹೇಳಿದರೂ ಜನ ಕೇಳುವುದಿಲ್ಲವಂತೆ.

ನಮ್ಮ ಓಣಿಯಲ್ಲಿ ಅಪರೂಪಕ್ಕೊಮ್ಮೆ ಕರೆಂಟು ಹೋಗುತ್ತದೆ. ಎಲ್ಲರ ಮಗ್ಗಗಳೂ ನಿಲ್ಲುತ್ತವೆ. ಸೊಸೆ ಮೊಬೈಲಿನ ಬೆಳಕು ಹಿಡಿದು ನನ್ನನ್ನು ಹುಡುಕಿಕೊಂಡು ಬರುವ ಮೊದಲು ಸ್ವಲ್ಪ ಹೊತ್ತು ಸಿಗುತ್ತದೆ. ನಾನು ಮೆಟ್ಟಿಲಿನ ತುದಿಗೆ ಹೋಗಿ, ಕೆಳಗಿನ ಖಾಲಿ ಶೆಡ್ಡಿನ ಕತ್ತಲೆಗೆ ಕಿವಿಗೊಟ್ಟು ನಿಲ್ಲುತ್ತೇನೆ. ಈಗ ಅವಸರದಲ್ಲಿ ಉತ್ತರ ಕೊಡುವುದಿಲ್ಲ. ಮೊದಲು ಕೆಮ್ಮು ಬರಬೇಕು.